ಜಾಳಿ ಇಲ್ಲದ ಪಂಪು

ನಿವೃತ್ತಿಯ ದಿನ ಕಾರ್ಖಾನೆಯವರು ಶಾಲು ಹೊದಿಸಿ, ಹೊಸದಾಗಿ ಸೇರುವ ಹುಡುಗರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದರು. "ಚಲೋ ಚಲೋದು ಬರೀರಿ ಕಲ್ಲಪ್ಪಣ್ಣ" ಎಂದು ಆಫೀಸಿನ ಹುಡುಗಿ ನಕ್ಕಳು. ಚಲೋದನ್ನೇ ಬರೆಯಲು ಕೂತೆ. ಬರೆದು ಬರೆದು ಹರಿದು ಹಾಕಿದೆ. ಎಷ್ಟೋ ದಿನದ ಮೇಲೆ ಕೈಯಿಂದ ಬಂದದ್ದು ಇದು. ಇದನ್ನು ಅವರು ಅಚ್ಚು ಹಾಕುವುದಿಲ್ಲ. ಹಾಕದಿದ್ದರೆ ಬಿಡಲಿ, ಹುಡುಗರು ಹೇಗಾದರೂ ಓದಿಕೊಳ್ಳುತ್ತಾರೆ.

ನಾನು ಫಿಟರ್. ಊರು ಗಡಿಯ ಆಚೆಯ ಗಡಹಿಂಗ್ಲಜ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಸಂಕೇಶ್ವರದ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆ ಕಲಿತದ್ದರಿಂದ ಬರೆಯಲು ಬರುತ್ತದೆ. ಐಟಿಐ ಮುಗಿಸಿ ಶಿರೋಳಿಯ ಕೈಗಾರಿಕಾ ವಸಾಹತು ಎಂಐಡಿಸಿಯ ಒಂದು ಪಂಪಿನ ಕಾರ್ಖಾನೆ ಸೇರಿದೆ. ಮೊದಲು ಜೋಡಣೆ, ಆಮೇಲೆ ಇರೆಕ್ಷನ್. ಇರೆಕ್ಷನ್ ಅಂದರೆ ಪಂಪು ಕೊಂಡವರ ಊರಿಗೇ ಹೋಗಿ, ಹೊಳೆಯ ದಂಡೆಯ ಮೇಲೋ ಕೆರೆಯ ದಂಡೆಯ ಮೇಲೋ ಅದನ್ನು ಕೂರಿಸಿ, ನೀರು ಎತ್ತಿ ತೋರಿಸಿ ಬರುವುದು. ಹೆಂಡತಿ ಮಕ್ಕಳ ಮುಖ ಮರೆಯುವಷ್ಟು ತಿರುಗಾಟ. ಪಂಪಿನ ಮನೆಯಲ್ಲೇ ನಿದ್ದೆ, ಗ್ರೀಸು ಹತ್ತಿದ ಕೈಯಲ್ಲೇ ಊಟ. ನಮ್ಮ ಕಾಲದಲ್ಲಿ ಬೇರಿಂಗ್ ಕೆಟ್ಟಿದೆಯೇ ಎಂದು ನೋಡಲು ಸ್ಕ್ರೂಡ್ರೈವರಿನ ಒಂದು ತುದಿ ಬೇರಿಂಗಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚುತ್ತಿದ್ದೆವು. ಈಗ ಮೊಬೈಲು ಹಿಡಿದರೆ ಸಾಕು, ಅದೇ ಹೇಳುತ್ತದೆ. ಒಳ್ಳೆಯದೇ ಆಯಿತು, ನನ್ನ ಬಲಗಿವಿ ಆ ಕೆಲಸಕ್ಕೇ ಹೋಯಿತು.

ನನ್ನ ಸಾಹೇಬರ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಜಾಧವ ಸಾಹೇಬರು ಅನ್ನೋಣ. ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುತ್ತಿದ್ದರು. ಗಡಹಿಂಗ್ಲಜದ ಹತ್ತಿರ ಹಿರಣ್ಯಕೇಶಿ ಹೊಳೆಗೆ ಒಂದು ಪಂಪು ಕೂರಿಸಿದ್ದೆವು. ಉದ್ಘಾಟನೆಗೆ ಪುಢಾರಿಯೊಬ್ಬರು ಬರುವವರಿದ್ದರು. ಹೊಳೆಯೊಳಗಿನ ಕವಾಟ ಸೋರುತ್ತಿತ್ತು, ಪಂಪಿನೊಳಗೆ ನೀರು ನಿಲ್ಲುತ್ತಿರಲಿಲ್ಲ. ಒಣ ಪಂಪು ತಿರುಗಿಸಿದರೆ ಸುಟ್ಟುಹೋಗುತ್ತದೆ ಎಂದು ಹೇಳಿದೆ. "ಮುಹೂರ್ತ ಚುಕತೋಯ, ಚಾಲೂ ಕರ" ಎಂದರು. ಮುಹೂರ್ತ ತಪ್ಪಬಾರದಂತೆ. ಚಾಲೂ ಮಾಡಿದೆವು, ಹೊಗೆ ಬಂತು. ನೀರು ಬರಲಿಲ್ಲವೇ? ಬಂತು. ಸಾಹೇಬರು ಮೊದಲೇ ನೀರು ಬೀಳುವ ತೊಟ್ಟಿಯ, ಅಂದರೆ ಹೌದಿನ, ಹಿಂದೆ ಒಂದು ಟ್ಯಾಂಕರು ನಿಲ್ಲಿಸಿ, ಅದರ ಪೈಪನ್ನು ಒಳಗೆ ಬಿಡಿಸಿದ್ದರು. ಜನ ಚಪ್ಪಾಳೆ ಹೊಡೆದರು, ಪುಢಾರಿ ನೀರಿಗೆ ಹೂವು ಬಿಟ್ಟರು. ಪಂಪನ್ನು ಬಿಚ್ಚಿ ಹೊಸದಾಗಿ ಕಟ್ಟಿದವನು ನಾನು. ಸಾಹೇಬರು ಆಮೇಲೆ ಪರದೇಶದ ಕೆಲಸಗಳಿಗೆಲ್ಲ ಮುಖ್ಯಸ್ಥರಾದರು. ಆಗ ನಾನೂ ಎಲ್ಲರ ಜೊತೆ ಇದನ್ನು ಹೇಳಿಕೊಂಡು ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಇಚಲಕರಂಜಿಯಲ್ಲಿ ಹೊಳೆಯಿಂದ ನೀರೆತ್ತುವ ಒಂದು ಬಾವಿಯ ಮೇಲೆ ಬಹಳ ವರ್ಷ ದುರಸ್ತಿ ಕೆಲಸ ಮಾಡಿದೆ. ಹೊಳೆಯ ತುಂಬ ಕೇಂದಾಳ, ಅಂದರೆ ನೀರಿನ ಮೇಲೆ ತೇಲುತ್ತ ಹಬ್ಬುವ ಆ ನೇರಳೆ ಹೂವಿನ ಕಳೆ. ಪಂಪಿನ ಬಾಯಿಗೆ ಕಬ್ಬಿಣದ ಜಾಳಿ, ಅಂದರೆ ಜಾಲರಿ, ಇರುತ್ತದೆ. ಕೇಂದಾಳ ಬಂದು ಅದಕ್ಕೆ ಕಂಬಳಿಯಂತೆ ಮೆತ್ತಿಕೊಳ್ಳುತ್ತದೆ. ಉದ್ದ ಹಿಡಿಕೆಯ ದಂತಾಳದಿಂದ ಎಳೆದು ಎಳೆದು ದಂಡೆಗೆ ಹಾಕಬೇಕು. ಬೇಸರದ ಕೆಲಸ, ಆದರೆ ಮಾಡಿದರೆ ಆಗುವ ಕೆಲಸ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ. ಅಲ್ಲಿಯೇ ನನಗೆ ಪರಸು ಸಿಕ್ಕಿದ್ದು. ಅವನ ಅಪ್ಪ ಜಮಖಂಡಿ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದು ಇಚಲಕರಂಜಿಯಲ್ಲೇ ಉಳಿದವನು. ಪರಸು ಮಗ್ಗ ಬೇಡವೆಂದು ಇಲೆಕ್ಟ್ರಿಷಿಯನ್ ಆದ. ಕಾರ್ಖಾನೆಯಲ್ಲಿ ಅವನು ಕಾಯಂ ಅಲ್ಲ, ಗುತ್ತಿಗೆಯವನು. ಮದುವೆಯಾಗಿ, ಮಗುವಾಗಿ, ಆಗಲೂ ಗುತ್ತಿಗೆಯವನೇ.

ನಮ್ಮಿಬ್ಬರನ್ನೂ ಪಶ್ಚಿಮ ಆಫ್ರಿಕಾಕ್ಕೆ ಕಳಿಸಿದರು. ದೇಶದ ಹೆಸರು ಬೇಡ. ಒಂದು ದೊಡ್ಡ ಸರೋವರದ ದಂಡೆಯಲ್ಲಿ ಭತ್ತದ ಯೋಜನೆ, ಅದಕ್ಕೆ ನಮ್ಮ ಪಂಪುಗಳು.

ಆ ಸರೋವರವನ್ನು ನೀವು ನೋಡಬೇಕಿತ್ತು. ಅದಕ್ಕೆ ಕಟ್ಟೆಯಿಲ್ಲ, ಒಡ್ಡಿಲ್ಲ. ಮಳೆಗಾಲದಲ್ಲಿ ಹಿಗ್ಗಿ ಆಪುಹುಲ್ಲಿನ ಬಯಲನ್ನೆಲ್ಲ ಮುಳುಗಿಸುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಹಸಿ ಕೆಸರನ್ನು ಬಿಟ್ಟು ಹಿಂದೆ ಸರಿಯುತ್ತದೆ. ಸರಿದ ಕೆಸರಿನಲ್ಲಿ ಹೆಂಗಸರು ಕಾಯಿಪಲ್ಲೆ ಹಾಕುತ್ತಾರೆ, ದೂರದ ದನಗಾಹಿಗಳು ಕೋಡು ಬಾಗಿದ ದೊಡ್ಡ ದನಗಳನ್ನು ಹೊಡೆದುಕೊಂಡು ಹಸಿರು ಮೇಯಿಸಲು ಬರುತ್ತಾರೆ. ಆಪಿನಿಂದ ಚಾಪೆ, ನೈದಿಲೆಯ ಗಡ್ಡೆಯಿಂದ ಊಟ. ಗಂಡಸರು ನೀರಿನ ಕೊಡದಷ್ಟು ದೊಡ್ಡ ಸೋರೆಬುರುಡೆಯನ್ನು ಎದೆಯ ಕೆಳಗೆ ಇಟ್ಟುಕೊಂಡು ತೇಲುತ್ತ ಮೀನು ಹಿಡಿಯುತ್ತಾರೆ. ಹೆಂಗಸರು ಮಣ್ಣಿನ ಒಲೆಗಳ ಮೇಲೆ ಆ ಮೀನಿಗೆ ಹೊಗೆ ಹಾಕಿ ಒಣಗಿಸಿ ಪೇಟೆಗೆ ಕಳಿಸುತ್ತಾರೆ. ತಲೆಯ ಮೇಲೆ ಚಿನ್ನದ ಜುಟ್ಟಿರುವ ಕೊಕ್ಕರೆಗಳು, ನೈದಿಲೆ ಎಲೆಯ ಮೇಲೆ ನಡೆದು ಹೋಗುವ ಉದ್ದ ಬೆರಳಿನ ಹಕ್ಕಿಗಳು. ಸಂಜೆ ನೀರಾನೆಗಳ ಗುಟುರು ಕೇಳಿದರೆ ಪರಸು ಪಂಪಿನ ಮನೆಯ ಬಾಗಿಲಿಗೆ ಅಗಳಿ ಹಾಕುತ್ತಿದ್ದ. "ಕಾಕಾ, ನಮ್ಮೂರ ಟ್ರಕ್ ಇದ್ದಂಗ ಒದರತಾವಲ್ರಿ" ಎನ್ನುತ್ತಿದ್ದ.

ನಮಗೆ ಮೂಸಾ ಎಂಬ ಡ್ರೈವರನನ್ನು ಕೊಟ್ಟಿದ್ದರು. ಆ ಕಡೆ ಹಿಂದಿ ಸಿನಿಮಾ ಎಂದರೆ ಜೀವ. ಅವನು ನೋಡಿ ನೋಡಿಯೇ ಹಿಂದಿ ಕಲಿತಿದ್ದ. ಊಟಕ್ಕೆ ಕರೆಯುವಾಗಲೂ ನಾಯಕಿಗೆ ಹೇಳುವಂಥ ಮಾತನ್ನೇ ಹೇಳುತ್ತಿದ್ದ. ಅವನ ಮೂಲಕವೇ ನಾವು ಊರಿನವರೊಂದಿಗೆ ಮಾತಾಡಿದ್ದು. ಅದನ್ನೆಲ್ಲ ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.

ಪಂಪಿನ ಜಾಗ ನೋಡಿದ ದಿನವೇ ನನಗೆ ಸರಿ ಕಾಣಲಿಲ್ಲ. ಪೈಪು ಕಡಿಮೆ ಹಿಡಿಯುತ್ತದೆಂದು ಊರ ಪಕ್ಕದ ಆಳವಿಲ್ಲದ ಕೊಲ್ಲಿಯಿಂದಲೇ ಕಾಲುವೆ ತೋಡಿದ್ದರು. ನಕ್ಷೆ ಮಾಡಿದವರು ಬೇಸಿಗೆಯಲ್ಲಿ ಬಂದು ಹೋಗಿದ್ದರು. ಮಳೆ ಶುರುವಾದಾಗ ಸರೋವರದ ಮೀನೆಲ್ಲ ಮೊಟ್ಟೆಯಿಡಲು ಬರುವುದು ಅದೇ ಕೊಲ್ಲಿಗೆ, ಅಲ್ಲಿನ ಆಪಿನ ಸಂದಿಗೆ. ಪೆಟ್ಟಿಗೆಗಳನ್ನು ಬಿಚ್ಚಿದೆವು. ಡ್ರಾಯಿಂಗಿನಲ್ಲಿ ಪಂಪಿನ ಬಾಯಿಗೆ ಜಾಳಿ ಇತ್ತು, ಪೆಟ್ಟಿಗೆಯಲ್ಲಿ ಇರಲಿಲ್ಲ. ಎಮ್ಮೆಯ ತಲೆ ಹೋಗುವಷ್ಟು ದೊಡ್ಡ ಬಾಯಿ ಅದು.

ಜಾಧವ ಸಾಹೇಬರಿಗೆ ಫೋನು ಮಾಡಿದೆ.

"ಸಾಹೇಬ್ರ, ಜಾಳಿ ಬಂದಿಲ್ರಿ."

"ಕ್ಯಾನ್ಸಲ್ ಕೇಲಿ, ನಾನs ತಗಿಸೇನಿ. ಅದು ಇದ್ರ ಕಸಾ ಕಟ್ಟತೈತಿ, ನೀರು ಕಮೀ ಬರತೈತಿ, ಆಮ್ಯಾಲ ಪಾರ್ಟಿ ಒದರತೈತಿ. ತೂ ಚಾಲೂ ಕರ."

"ಕಸಾ ತಗಿಯಾಕ ಮಂದಿ ಇಟ್ರ ಆತ್ರಿ. ಇಚಲಕರಂಜ್ಯಾಗ ನಾವs ಮಾಡೇವಲ್ರಿ."

"ಕಲ್ಲಪ್ಪಾ, ಚಾಲೂ ಕರ."

ಪರೀಕ್ಷೆಗೆಂದು ಚಾಲೂ ಮಾಡಿದೆವು. ಮೊದಲ ಮಳೆ ಬಿದ್ದು ಕೊಲ್ಲಿ ತುಂಬಿದ ಹೊತ್ತು. ನೀರು ಬಂದು ಬೀಳುವ ಹೌದಿನ ಸುತ್ತ ಬೆಳ್ಳಕ್ಕಿಗಳು ಎಲ್ಲಿಂದಲೋ ಬಂದು ಮುತ್ತಿಕೊಂಡವು. "ಕಾಕಾ, ನೋಡ್ರಿ, ನಮ್ಮ ನೀರಿಗಿ ಹಕ್ಕಿ ಬಂದಾವ!" ಎಂದು ಪರಸು ಕುಣಿದ, ಮೊಬೈಲಿನಲ್ಲಿ ಚಿತ್ರ ತೆಗೆದ. ನಾನು ಹತ್ತಿರ ಹೋದೆ. ಬೀಳುತ್ತಿದ್ದ ನೀರು ಬೆಳ್ಳಗಿತ್ತು, ಗಂಜಿಯ ಹಾಗೆ. ಕೈ ಹಾಕಿದೆ. ಕೈ ತುಂಬ ಮೀನಿನ ಮರಿಗಳ ಚೂರು. ಅಲ್ಲಲ್ಲಿ ಒಂದು ಕಣ್ಣು, ಒಂದು ಬಾಲ. ಪರಸು ಮೊಬೈಲು ಜೇಬಿಗಿಟ್ಟುಕೊಂಡು ಬೇಲಿಯ ಬಳಿ ಹೋಗಿ ವಾಂತಿ ಮಾಡಿದ.

ಹೌವಾ ಬಂದದ್ದು ಅವತ್ತೇ. ಮೀನಿಗೆ ಹೊಗೆ ಹಾಕುವ ಹೆಂಗಸರಲ್ಲಿ ಹಿರಿಯಳು. ಗಟ್ಟಿ ಮೈ, ಹೊಗೆಗೆ ಕೆಂಪಾದ ಕಣ್ಣು. ಹಿಂದೆ ಊರ ಹೆಂಗಸರೆಲ್ಲ ಇದ್ದರು. ಅವಳು ಹೌದಿನಿಂದ ಆ ಗಂಜಿಯನ್ನು ಒಂದು ಸೋರೆಬುರುಡೆ ತುಂಬ ಮೊಗೆದು ತಂದು, ನಾನು ಕೂತಿದ್ದ ಮೇಜಿನ ಮೇಲೆ ಇಟ್ಟಳು. ಕೂಗಾಡಲಿಲ್ಲ.

"ಸಣ್ಣ ಕಣ್ಣಿನ ಬಲೆ ತಂದ್ರ ನಮ್ಮ ಗಂಡಂದಿರದು ಸೈತ ನಾವು ಸುಟ್ಟು ಹಾಕ್ತೀವಿ" ಎಂದಳು. "ಇಷ್ಟು ಸಣ್ಣದನ್ನ ಹಿಡಿಯಾಕ ನೀವು ಯಾರನ್ನ ಕೇಳೀರಿ?"

ಯಾರನ್ನೂ ಕೇಳಿಲ್ಲ ಎಂದೆ. ಬೇರೆ ಏನು ಹೇಳಲಿ?

"ನಮಗೂ ಭತ್ತ ಬೇಕು. ಭತ್ತ ಬ್ಯಾಡ ಅನ್ನಾಕ ಬಂದಿಲ್ಲ ನಾನು. ಆ ಬಾಯಿಗಿ ಏನರೆ ಕಟ್ಟರಿ."

ಇಷ್ಟೇ ಅವಳು ಕೇಳಿದ್ದು. ಮತ್ತೆ ಫೋನು ಹಚ್ಚಿದೆ. ಮೀನಿನ ಮರಿಗಳ ಕಥೆಯನ್ನೆಲ್ಲ ಹೇಳಿದೆ, ಪರಸುವಿನ ಚಿತ್ರ ಕಳಿಸಿದೆ. ಸಾಹೇಬರು, "ತುಲಾ ಪಂಪ ಬಸವಾಯ್ಲಾ ಪಾಠವಲಂಯ, ಮಾಸೇ ರಾಖಾಯ್ಲಾ ನಾಹೀ" ಎಂದರು. ಪಂಪು ಕೂರಿಸಲು ಕಳಿಸಿದ್ದೇನೆ, ಮೀನು ಕಾಯಲು ಅಲ್ಲ.

ಪಂಪು ನಿಲ್ಲಿಸಿದೆ. ಊರ ಗಂಡಸರು ಆಪಿನ ಚಾಪೆಗಳನ್ನು ಹೆಣೆದು ತಂದರು. ನಾನೂ ಅವರ ಜೊತೆ ಕುತ್ತಿಗೆಯವರೆಗೆ ನೀರಿಗಿಳಿದು, ಕಾಲುವೆಯ ಬಾಯಿಗೆ ಗೂಟ ಹೊಡೆದು, ಚಾಪೆ ಕಟ್ಟಿದೆ. ಕಸ ಮೆತ್ತಿಕೊಳ್ಳುತ್ತಿತ್ತು, ನಿಜ. ಆದರೆ ಸರದಿಯಲ್ಲಿ ಇಬ್ಬಿಬ್ಬರು ನಿಂತು ಕಸ ತೆಗೆಯಲು ಅವರೇ ಒಪ್ಪಿದರು. ಚಾಲೂ ಮಾಡಿದೆವು. ನೀರು ಸ್ವಲ್ಪ ಕಡಿಮೆ ಬಂತು, ಆದರೆ ತಿಳಿಯಾಗಿ ಬಂತು. ಬೆಳ್ಳಕ್ಕಿಗಳು ಕಾದು ಕಾದು ಹಾರಿಹೋದವು. ಅವತ್ತು ಹೌವಾ ನಮಗೆ ಹೊಗೆ ಹಾಕಿದ ಮೀನು ಕಳಿಸಿದಳು. ನಾನು ಮೀನು ತಿನ್ನುವವನಲ್ಲ. ಪರಸು ನನ್ನ ಪಾಲನ್ನೂ ತಿಂದ.

ಉದ್ಘಾಟನೆಗೆ ಜಾಧವ ಸಾಹೇಬರೇ ಬಂದರು. ಕಾರಿನಿಂದ ಇಳಿದು ನನ್ನ ಕಡೆ ನೋಡಲಿಲ್ಲ, ನೀರಿನ ಕಡೆ ನೋಡಿದರು. ಹೌದಿನೊಳಗಿನ ಅಳತೆ ಪಟ್ಟಿಯ ಗೀಟಿಗೆ ನೀರು ಮುಟ್ಟಿರಲಿಲ್ಲ. ಕಾಲುವೆಗೆ ಹೋಗಿ ಚಾಪೆ ನೋಡಿದರು.

"ಹೇ ಕಾಯ? ಗೋಠಾ ಬಾಂಧಲಾಯ ಕಾ?" ದನದ ಕೊಟ್ಟಿಗೆ ಕಟ್ಟಿದ್ದೀಯಾ ಎಂದರ್ಥ. "ಕಿತ್ತು ಹಾಕು."

"ಕೀಳೂದಿಲ್ರಿ."

"ಏನಂದಿ?"

"ಅದನ್ನ ಕಿತ್ತ ಮ್ಯಾಲ ನಾ ಪಂಪ್ ಚಾಲೂ ಮಾಡೂದಿಲ್ರಿ, ಸಾಹೇಬ್ರ. ನೀವs ಮಾಡಿಕೊಳ್ರಿ."

ಇಷ್ಟು ವರ್ಷದ ಕೆಲಸದಲ್ಲಿ ಸಾಹೇಬರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ನನ್ನೊಂದಿಗೆ ವಾದ ಮಾಡಲಿಲ್ಲ. ಯೋಜನೆಯ ಕೂಲಿಗಳಿಂದ ಚಾಪೆ ಕೀಳಿಸಿದರು. ಆಮೇಲೆ ಪರಸುವಿನ ಹೆಗಲ ಮೇಲೆ ಕೈ ಹಾಕಿ, ಮೆತ್ತಗೆ, ಮಗನೊಂದಿಗೆ ಮಾತಾಡುವಂತೆ, "ಪರಸು, ಕಾಯಂ ಹೋಯಚಂಯ ನಾ ತುಲಾ?" ಎಂದರು. ಕಾಯಂ ಆಗಬೇಕಲ್ಲ ನಿನಗೆ?

ಪರಸು ನನ್ನ ಮುಖ ನೋಡಿದ. ಬೇಡ ಎನ್ನುವ ಹಕ್ಕು ನನಗೆಲ್ಲಿತ್ತು? ನಾನು ಕಾಯಂ ಆದವನು. ಅವನು ಹೋಗಿ ಬಟನ್ ಒತ್ತಿದ.

ವಾದ್ಯ, ಭಾಷಣ, ಬಣ್ಣದ ನಿಲುವಂಗಿಗಳು. ಉದ್ಘಾಟನೆಗೆ ಬಂದ ದೊಡ್ಡ ಮನುಷ್ಯರೊಬ್ಬರು ಹೌದಿಗೆ ಕೈ ಹಾಕಿ ಬೊಗಸೆ ತುಂಬ ನೀರೆತ್ತಿದರು. ಕ್ಯಾಮೆರಾದವರು ಮುಂದೆ ಬಂದರು. ಬೊಗಸೆಯಲ್ಲಿ ಮೀನಿನ ಚೂರು. ಅವರು ಒಂದು ಗಳಿಗೆ ಅದನ್ನೇ ನೋಡಿದರು. ನನಗೆ ಆಸೆ ಹುಟ್ಟಿತು, ಈಗ ಕೇಳುತ್ತಾರೆ, ಇದೇನು ಎಂದು ಕೇಳಿಯೇ ಕೇಳುತ್ತಾರೆ ಎಂದು. ಅವರು ಬೆರಳಂಚಿನಿಂದ ಚೂರುಗಳನ್ನು ಕೊಡವಿ, ಮತ್ತೊಮ್ಮೆ ನೀರೆತ್ತಿ, ಕ್ಯಾಮೆರಾ ಕಡೆ ನಕ್ಕರು. ಜಾಧವ ಸಾಹೇಬರು ಕರವಸ್ತ್ರ ಕೊಟ್ಟರು. ಬೇಲಿಯ ಆಚೆ ಹೌವಾ ಮತ್ತು ಹೆಂಗಸರು ಬುರುಡೆ ಹಿಡಿದು ನಿಂತಿದ್ದರು. ಅವರನ್ನು ಒಳಗೆ ಬಿಡಲಿಲ್ಲ.

ಜನ ಚದುರಿದ ಮೇಲೆ ಊಟ ನಡೆಯುತ್ತಿತ್ತು. ಮೋಟಾರಿನ ದನಿ ಬದಲಾಯಿತು. ಒಂದು ಕಿವಿ ಹೋದವನಿಗೂ ಕೇಳುವಂಥ ಬದಲಾವಣೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡವನ ಉಸಿರಿನಂತೆ. ಮೂಸಾ ಕಾಲುವೆಯ ಕಡೆಯಿಂದ ಓಡಿ ಬಂದ. "ಭಾಯಿ ಸಾಬ್, ಪಾನೀ ಮೇ ಬಚ್ಚಾ! ಅಯೂ ಕಾ ಬಚ್ಚಾ!"

ನಾನು ಮೇನ್ ಸ್ವಿಚ್ ಎಳೆದೇಬಿಟ್ಟೆ. ಯಾರನ್ನೂ ಕೇಳಲಿಲ್ಲ.

ಅಯೂ ಅಂದರೆ ಅಲ್ಲಿಯ ನೀರುಹಸು. ನಮ್ಮ ಹಸುವಿನಷ್ಟೇ ದೊಡ್ಡ, ಬೂದು ಬಣ್ಣದ, ಕಾಲಿಲ್ಲದ, ಹುಟ್ಟುಗೋಲಿನಂಥ ಬಾಲದ ಪ್ರಾಣಿ. ನೀರೊಳಗಿನ ಹುಲ್ಲು ತಿಂದುಕೊಂಡಿರುತ್ತದೆ, ಯಾರ ತಂಟೆಗೂ ಬರುವುದಿಲ್ಲ. ಅಷ್ಟು ದಿನದಲ್ಲಿ ನಾನು ನೋಡಿದ್ದು ಅದರ ಮೂಗಿನ ತುದಿಯನ್ನಷ್ಟೇ. ಅದರ ಮರಿ ನೀರಿನ ಸೆಳೆತಕ್ಕೆ ಸಿಕ್ಕು ಪಂಪಿನ ಬಾಯಿಗೆ ಅಂಟಿಕೊಂಡಿತ್ತು. ಸ್ವಿಚ್ ಎಳೆದ ಮೇಲೆ ಸಡಿಲವಾಗಿ ಮೇಲೆ ತೇಲಿತು. ಮೂಸಾ ಮತ್ತು ಇನ್ನಿಬ್ಬರು ಇಳಿದು ಎತ್ತಿ ದಂಡೆಯ ಮೇಲೆ ಮಲಗಿಸಿದರು. ಒಂದು ಕಡೆಯ ಈಜುರೆಕ್ಕೆ ಇರಲಿಲ್ಲ. ಎದೆಯ ಮೇಲೆ ಪಂಪಿನ ಬಾಯಿಯ ಗುಂಡನೆಯ ಬರೆ. ಉಸಿರಾಡಲು ಮೂಗು ಒಮ್ಮೆ ಬಿಚ್ಚಿತು, ಮುಚ್ಚಿತು, ಮತ್ತೆ ಬಿಚ್ಚಲಿಲ್ಲ. ಕಾಲುವೆಯಲ್ಲಿ ತಾಯಿ ನಿಂತಿತ್ತು. ನಿಂತೇ ಇತ್ತು.

ಜಾಧವ ಸಾಹೇಬರು ಊಟದ ಕೈಯಲ್ಲೇ ಬಂದರು. ಮರಿಯನ್ನು ನೋಡಿದರು, ನನ್ನನ್ನು ನೋಡಿದರು. "ಇಂಪೆಲರ್ ತುಟಲಾ ಕಾ?" ಎಂದರು.

ಪಂಪಿನ ಒಳಗಿನ ಚಕ್ರ ಮುರಿಯಿತೇ ಎಂದು ಕೇಳಿದ್ದು ಅವರು. ನಾನು ಏನು ಬೈದೆನೋ ನನಗೆ ನೆನಪಿಲ್ಲ. ಕನ್ನಡದಲ್ಲಿ ಬೈದೆ, ಮರಾಠಿಯಲ್ಲಿ ಬೈದೆ, ನಮ್ಮೂರ ಸಂತೆಯಲ್ಲಿ ಎಳೆಯರಿದ್ದರೆ ಆಡಬಾರದ ಮಾತುಗಳನ್ನೆಲ್ಲ ಆಡಿದೆ. ಪರಸು ನನ್ನನ್ನು ಹಿಡಿದುಕೊಳ್ಳದಿದ್ದರೆ ಕೈಯೂ ಮುಂದೆ ಹೋಗುತ್ತಿತ್ತು. ಮಾರನೆಯ ದಿನವೇ ನನ್ನನ್ನು ವಿಮಾನ ಹತ್ತಿಸಿದರು. ಕೆಲಸದಿಂದ ತೆಗೆಯಲಿಲ್ಲ, ಯೂನಿಯನ್ನಿನ ಭಯ. ಸ್ಟೋರಿನಲ್ಲಿ ನಟ್ಟು ಬೋಲ್ಟು ಕೊಡುವ ಕಿಟಕಿಗೆ ಕೂರಿಸಿದರು. ನಿವೃತ್ತಿಯವರೆಗೆ ಅಲ್ಲೇ ಕೂತೆ. ಪರಸುವನ್ನು ಕಾಯಂ ಮಾಡಿದರು. ಆ ಮಾತನ್ನಾದರೂ ಉಳಿಸಿಕೊಂಡರು.

ಪರಸುವಿನ ಮೇಲೆ ನನಗೆ ಸಿಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ಟೋರಿನ ಕಿಟಕಿಗೆ ಬಂದರೆ ಕೇಳಿದ ಸಾಮಾನು ಕೊಟ್ಟು ಮುಖ ತಿರುಗಿಸುತ್ತಿದ್ದೆ. ಅವನೂ ತೆಗೆದುಕೊಂಡು ಹೋಗುತ್ತಿದ್ದ.

ಮೂಸಾ ಮಾತ್ರ ಸಂಪರ್ಕ ಬಿಡಲಿಲ್ಲ. ಹಬ್ಬಕ್ಕೆ, ಮಳೆ ಬಂದಾಗ, ಹೊಸ ಸಿನಿಮಾ ನೋಡಿದಾಗ ವಾಟ್ಸಾಪಿನಲ್ಲಿ ದನಿ ಕಳಿಸುತ್ತಾನೆ. ನಾನು ನಿವೃತ್ತನಾದ ಮೇಲೆ ಒಂದು ದಿನ ವಿಡಿಯೋ ಬಂತು. ಹೌವಾ ತನ್ನ ಒಲೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಗಳು. ಅವುಗಳೊಳಗೆ ಮಂಜುಗಡ್ಡೆಯಲ್ಲಿಟ್ಟ ಸಮುದ್ರದ ಮೀನು, ಎಲ್ಲಿಯದೋ ಪರದೇಶದ್ದು, ಹಡಗಿನಲ್ಲಿ ಬಂದು ಲಾರಿಯಲ್ಲಿ ಬಂದದ್ದು. ಅವಳು ಅದಕ್ಕೆ ಹೊಗೆ ಹಾಕುತ್ತಿದ್ದಳು. ಹಿಂದೆ ಸರೋವರ ಕಾಣುತ್ತಿತ್ತು. ಅಷ್ಟು ದೊಡ್ಡ ನೀರಿನ ದಂಡೆಯ ಮೇಲೆ ಕೂತು, ಪೆಟ್ಟಿಗೆಯ ಮೀನು. ಮೂಸಾ ಅವಳ ಮಾತನ್ನು ತಿರುಗಿಸಿ ಹೇಳಿದ: "ಗಂಡಸರು ನಗರಕ್ಕ ಹೋಗ್ಯಾರ. ದನದವರೂ ಈಗ ಈ ಕಡೆ ಬರೂದಿಲ್ಲ. ಅಯೂ ಆ ಕೊಲ್ಲಿಗಿ ಮತ್ತ ಬಂದಿಲ್ಲ." ಕೊನೆಗೆ ಇನ್ನೊಂದು ಮಾತು. ಆಚೆ ದಂಡೆಯಲ್ಲೂ ಪಂಪು ಕೂರಿಸುತ್ತಾರಂತೆ, ನಮ್ಮ ಕಾರ್ಖಾನೆಯದೇ.

ಅದಾದ ಸ್ವಲ್ಪ ದಿನಕ್ಕೆ ಪರಸು ಗಡಹಿಂಗ್ಲಜದ ನಮ್ಮ ಮನೆಗೆ ಬಂದ. ಪೇಢೆಯ ಡಬ್ಬಿ ತಂದಿದ್ದ. ಈ ಸಲದ ತಂಡಕ್ಕೆ ಅವನೇ ಹಿರಿಯ. ಕಾಲು ಮುಟ್ಟಿ ನಮಸ್ಕಾರ ಮಾಡಲು ಬಗ್ಗಿದ. ನಾನು ಕಾಲು ಹಿಂದೆ ತೆಗೆದೆ.

"ಜಾಳಿ ಐತೇನು?"

"ಡ್ರಾಯಿಂಗ್‌ದಾಗ ಐತ್ರಿ, ಕಾಕಾ."

"ಪೆಟಗ್ಯಾಗ?"

ಅವನು ತಲೆ ತಗ್ಗಿಸಿದ. ನಾನು ಪೇಢೆಯ ಡಬ್ಬಿಯನ್ನು ಅವನ ಕೈಗೇ ಕೊಟ್ಟು, ಹೋಗು ಎಂದೆ. ಒಳಗಿನಿಂದ ನನ್ನ ಹೆಂಡತಿ ಶಾಂತವ್ವ ಬಂದಳು. "ಹುಡುಗನ ಮ್ಯಾಲ ಯಾಕ ಹಾರಾಡತೀರಿ?" ಎಂದಳು. "ಅಂವಾ ಇಚಲಕರಂಜಿಯಿಂದ ನಿಮ್ಮ ಮನೀತನಕಾ ಬಂದಾನ. ಸುಮ್ಮನ ಬಂದಾನೇನು? ಅಂವಗ ಏನರೆ ಕೇಳೂದೈತಿ. ಕುಂದ್ರಸಿ ಮಾತಾಡ್ರಿ."

ಕೂರಿಸಿದೆ. ಶಾಂತವ್ವ ಚಹಾ ತಂದಿಟ್ಟಳು.

"ಕಾಕಾ, ಆ ಮರೀದು ಮೂಗ ಬಿಚ್ಚಿ ಮುಚ್ಚಿದ್ದು ನನಗ ಇನ್ನs ಕಾಣತೈತ್ರಿ" ಎಂದ ಪರಸು. "ಪೆಟಗಿ ಕಟ್ಟೂವಾಗ ಎಲ್ಲಾ ಸಾಮಾನು ಬಂದೈತಿ ಅಂತ ನಾನs ಸಹಿ ಮಾಡಬೇಕ್ರಿ. ಮಾಡಲಿಲ್ಲಂದ್ರ ಏನಾಗತೈತ್ರಿ?"

"ನಿನ್ನ ಬಿಟ್ಟು ಬ್ಯಾರೇದಾಂವನ ಕಳಸ್ತಾರ."

"ಅಂವನೂ ಮಾಡಲಿಲ್ಲಂದ್ರ?"

ನಾನು ಒಬ್ಬನೇ ನಿಂತು ಕೂಗಾಡಿದವನು. ಉಳಿದವರನ್ನು ಕೇಳಬೇಕೆಂದು ನನಗೆ ಹೊಳೆದಿರಲೇ ಇಲ್ಲ.

ಆಮೇಲೆ ಒಂದು ಸಂಜೆ ಶಿರೋಳಿಯಿಂದ ಫೋನು ಬಂತು. ಪರಸು ಸಹಿ ಮಾಡಲಿಲ್ಲ. ತಂಡದ ಇನ್ನೊಬ್ಬ ಫಿಟರ್, ವೆಲ್ಡರ್, ಇಬ್ಬರು ಹೆಲ್ಪರು, ಯಾರೂ ಮಾಡಲಿಲ್ಲ. ಜಾಧವ ಸಾಹೇಬರು ಮೇಲಿಂದ ಇಳಿದು ಬಂದು ಎಲ್ಲರ ಮುಂದೆ ಕೂಗಾಡಿದರಂತೆ. ನಿಮ್ಮನ್ನೆಲ್ಲ ಮನೆಗೆ ಕಳಿಸುತ್ತೇನೆ ಎಂದರಂತೆ. ಇವರು ಪೆಟ್ಟಿಗೆಗಳ ಮೇಲೆ ಸುಮ್ಮನೆ ಕೂತರಂತೆ. ಹಡಗಿಗೆ ತಡವಾಗುತ್ತಿತ್ತು. ಕೊನೆಗೆ ಸಾಹೇಬರು, "ಕರಾ, ಕಾಯ ಕರಾಯಚಂ ತೇ ಕರಾ" ಅಂದರೆ ಏನು ಬೇಕೋ ಮಾಡಿಕೊಳ್ಳಿ ಎಂದು ಹೊರಟುಹೋದರಂತೆ.

"ಮತ್ತ ಜಾಳಿ?" ಎಂದೆ.

"ಆತ್ರಿ ಕಾಕಾ. ಅಂಗಳದಾಗ ಗುಜರಿಗಿ ಒಗದಿದ್ದ ಭಂಗಾರ ಕಬ್ಬಿಣದ ಸಳಿನs ತಗೊಂಡು ಬೆಸಗಿ ಹಾಕಿದ್ವಿ. ಸಣ್ಣ ಕಣ್ಣಿನ ತಂತೀನೂ ಹಚ್ಚೀವಿ. ಒಂದು ಪಾಳ್ಯಾಗ ಮುಗೀತು."

ಅವನ ದನಿಯಲ್ಲಿ ಖುಷಿ ಇತ್ತು. ಚಲೋ ಮಾಡಿದ್ರಿ ಎಂದೆ. ಫೋನು ಇಟ್ಟ ಮೇಲೆ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಎದ್ದು ಹೋಗಿ ಹೊಸ್ತಿಲ ಮೇಲೆ ಕೂತೆ. ಶಾಂತವ್ವ ಗಾಬರಿಯಾಗಿ ಏನಾಯಿತೆಂದು ಕೇಳಿದಳು.

"ಒಂದು ಪಾಳಿ ಅಂತ" ಎಂದೆ. "ಭಂಗಾರ ಸಳಿ ಅಂತ. ಅಷ್ಟs ಅಂತ."